ಬೋರ್ಡ್ ಇಲ್ಲದ ಜೋಳದ ಅಂಗಡಿ: ರೊಟ್ಟಿ ಬಡಿಯುವವಳ ಅನುಭವ

ನಾನು ರೊಟ್ಟಿ ಮಾಡಿ ಮಾರುವವಳು. ವಿಜಯಪುರದಲ್ಲಿ ಈ ಕೆಲಸಕ್ಕೆ ಕೂತು ಹನ್ನೊಂದು ವರ್ಷ ಆಯಿತು. ನಾನು, ನನ್ನ ನಾದಿನಿ, ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳು ಸೇರಿ ದಿನಕ್ಕೆ 150 ರೊಟ್ಟಿ ಬಡಿಯುತ್ತೇವೆ. ಎರಡು ಖಾನಾವಳಿಗೆ ಬಿಸಿ ರೊಟ್ಟಿ ಹೋಗುತ್ತದೆ. ಉಳಿದದ್ದು ಖಡಕ್ ರೊಟ್ಟಿ. ಪುಣೆ, ಬೆಂಗಳೂರಿಗೆ ಹೋಗುವ ಮಕ್ಕಳ ಚೀಲಕ್ಕೆ, ಸೀಮಂತದ ಬುತ್ತಿಗೆ, ಜಾತ್ರೆಗೆ. ಒಂದು ಕಿಲೋ ಹಿಟ್ಟಿಗೆ ನನ್ನ ಕೈಯಲ್ಲಿ ಹದಿನಾಲ್ಕು ರೊಟ್ಟಿ ಆಗುತ್ತವೆ. ತಿಂಗಳಿಗೆ ಮೂರು ಕ್ವಿಂಟಲ್ ಜೋಳ ಬೇಕು.

ಈ ಜೋಳವನ್ನು ನಾಲ್ಕು ವರ್ಷದಿಂದ ಒಂದೇ ಅಂಗಡಿಯಲ್ಲಿ ತರುತ್ತಿದ್ದೇನೆ. ಅಲ್ಲಿ ಒಮ್ಮೆ ಜಗಳವನ್ನೂ ಆಡಿದ್ದೇನೆ. ಆ ಜಗಳ ಮುಗಿದ ರೀತಿ ನೋಡಿದ ಮೇಲೆಯೇ ಈ ಅಂಗಡಿ ಬಗ್ಗೆ ಬರೆಯಬೇಕು ಅನ್ನಿಸಿದ್ದು.

ಅಂಗಡಿ ಜೋರಾಪುರ ಪೇಟೆ ಕಡೆ, ಒಂದು ಹಳೇ ಗಿರಣಿಯ ಪಕ್ಕದ ಕೋಣೆ. ಬೋರ್ಡ್ ಇಲ್ಲ. ಬಾಗಿಲಲ್ಲಿ ಒಂದು ತಕ್ಕಡಿ, ಒಳಗೆ ಕಟ್ಟಿಗೆ ಹಲಗೆಯ ಮೇಲೆ ಚೀಲಗಳ ಸಾಲು. ಡೋಣಿ ನದಿ ಕಡೆಯ, ಸಾರವಾಡದ ಆಚೆಯ ಐದು ರೈತ ಮನೆಗಳು ಸೇರಿ ಇದನ್ನು ನಡೆಸುತ್ತವೆ. ಕೂರುವುದು ಒಬ್ಬ ಅಕ್ಕಾರು ಮತ್ತು ಅವರ ಮಾವ. ನಾವೆಲ್ಲ ಅವರಿಗೆ ಕಾಕಾ ಅನ್ನುತ್ತೇವೆ. ಅವರು ನನಗೆ 'ರೊಟ್ಟಿ ಅಕ್ಕಾರ' ಅಂತ ಹೆಸರಿಟ್ಟಿದ್ದಾರೆ.

ಚೀಲಗಳ ಮೇಲೆ ಹೆಸರಿಲ್ಲ, ಮುದ್ರೆ ಇಲ್ಲ. ಆದರೆ ಪ್ರತಿ ಚೀಲದ ಬಾಯಿಯನ್ನು ಬಣ್ಣದ ದಾರದಿಂದ ಹೊಲಿದಿರುತ್ತಾರೆ. ಕೆಂಪು ಒಂದು ಮನೆಯದು, ಹಸಿರು ಇನ್ನೊಂದು ಮನೆಯದು. ಹಳದಿ, ಬಿಳಿ, ಕರಿ ಉಳಿದ ಮೂವರದು. ಗೋಡೆಗೆ ತೂಗು ಹಾಕಿದ ವಹಿಯಲ್ಲಿ ಯಾವ ಬಣ್ಣದ ಚೀಲ ಯಾವ ಹೊಲದ್ದು, ಯಾವ ವಾರ ರಾಶಿ ಆಯಿತು, ಎಷ್ಟು ಬಿಸಿಲು ತಿಂದಿತು ಅಂತ ಕಾಕಾ ಬರೆದಿಟ್ಟಿರುತ್ತಾರೆ. ನಾನು ಕೊಂಡ ಚೀಲದ ದಾರದ ಬಣ್ಣವೂ ನನ್ನ ಲೆಕ್ಕದ ಮುಂದೆ ಇರುತ್ತದೆ. ಈ ದಾರ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲು ಜೋಳದ ಮಾತು. ಅಲ್ಲಿ ಜಾಸ್ತಿ ಇರುವುದು ಮಾಲದಂಡಿ. ಹಿಂಗಾರಿ ಬಿಳಿ ಜೋಳ. ಕಾಳು ದುಂಡಗೆ, ಮುತ್ತಿನ ಹೊಳಪು. ಹಲ್ಲಿನಲ್ಲಿ ಕಡಿದರೆ 'ಕಟ್' ಅಂತ ಒಡೆಯಬೇಕು, ಪುಡಿಯಾಗಬಾರದು. ಇದರ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿದರೆ ಮುದ್ದೆ ಕೈಗೆ ಅಂಟದೆ ಕೈ ಮಾತು ಕೇಳುತ್ತದೆ. ಜೋಳದಲ್ಲಿ ಗೋಧಿಯ ಹಾಗೆ ಎಳೆಯುವ ಅಂಟಿಲ್ಲ. ಬಿಸಿನೀರಿಗೆ ಬೆಂದು ಹಿಟ್ಟಿನ ಗಂಜಿಯೇ ಜಿಗುಟು ಆಗಬೇಕು. ಆ ಜಿಗುಟು ಇದ್ದರೆ ಮಾತ್ರ ರೊಟ್ಟಿ ಅಂಚು ಸೀಳದೆ ಅಗಲ ಆಗುತ್ತದೆ. ಹಂಚಿನ ಮೇಲೆ ಹಾಕಿ ಒದ್ದೆ ಅರಿವೆ ಸವರಿ ತಿರುವಿದರೆ ತುಂಬಾ ಉಬ್ಬಬೇಕು. ಈ ಅಂಗಡಿಯ ಮಾಲದಂಡಿಯಲ್ಲಿ ನನಗೆ ಹತ್ತರಲ್ಲಿ ಒಂಬತ್ತು ರೊಟ್ಟಿ ಉಬ್ಬುತ್ತವೆ. ಪೇಟೆಯ ಬೆರಕೆ ಜೋಳದಲ್ಲಿ ಆರು, ಏಳು.

ಮಾಲದಂಡಿ ನಮ್ಮ ಈ ಸೀಮೆಯ ಹಳೇ ಜೋಳ. ಅದರಿಂದ ಆರಿಸಿ ತೆಗೆದ ಎಂ 35-1 ತಳಿ 1930ರ ದಶಕದ್ದು, ಸೊಲ್ಲಾಪುರ ಕಡೆಯ ಮೋಹೋಳದಲ್ಲಿ ತೆಗೆದದ್ದು. ಸುಮಾರು ತೊಂಬತ್ತು ವರ್ಷ ಆಗುತ್ತಾ ಬಂತು, ಇನ್ನೂ ರೈತರು ಬಿತ್ತುತ್ತಾರೆ. ಸರ್ಕಾರದ ಬೆಂಬಲ ಬೆಲೆಯ ಪಟ್ಟಿಯಲ್ಲೂ ಇದರ ಹೆಸರು ಬೇರೆಯೇ ಇದೆ. 2025-26ಕ್ಕೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,699 ರೂಪಾಯಿ, ಮಾಲದಂಡಿಗೆ 3,749. ಐವತ್ತು ರೂಪಾಯಿ ಜಾಸ್ತಿ. ರೊಟ್ಟಿ ಬಡಿಯುವವಳನ್ನು ಕೇಳಿದ್ದರೆ ನಾನು ಇನ್ನೂ ಜಾಸ್ತಿ ಹೇಳುತ್ತಿದ್ದೆ.

ಈ ಜೋಳ ಬೆಳೆಯುವ ರೀತಿಯನ್ನು ಕಾಕಾ ಬಾಯಲ್ಲಿ ಕೇಳಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತನೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಎರಿ, ಅಂದರೆ ಕರಿ ಮಣ್ಣಿನ ಭೂಮಿ ಹಿಡಿದಿಟ್ಟ ತೇವ, ಚಳಿಗಾಲದ ಇಬ್ಬನಿ. ಅಷ್ಟರಲ್ಲೇ ಬೆಳೆ ಆಳೆತ್ತರ ಆಗುತ್ತದೆ. ಬೋರ್‌ವೆಲ್ ಬೇಡ, ಕರೆಂಟ್ ಬೇಡ. ಕಾಳು ಮನುಷ್ಯರಿಗೆ, ಕಣಿಕೆ ದನಗಳಿಗೆ. 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಅಂತ ನಮ್ಮ ಕಡೆ ಸುಮ್ನೆ ಗಾದೆ ಹುಟ್ಟಿದ್ದಲ್ಲ. ಜನವರಿಯಲ್ಲಿ ಹೋದರೆ ಅಕ್ಕಾರು ಸೀತನಿ, ಅಂದರೆ ಜೋಳದ ಎಳೆ ತೆನೆ, ಸುಟ್ಟು ಒಂದು ಹಿಡಿ ಕಾಳು ಕೈಗೆ ಹಾಕುತ್ತಾರೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಈಗ ಪ್ಯಾಕೆಟ್ ಹಿಟ್ಟಿನ ಕಥೆ. ಯಾವ ಕಂಪನಿ ಅಂತ ಹೇಳುವುದಿಲ್ಲ. ಮೂರು ವರ್ಷದ ಹಿಂದೆ ಒಂದು ಸೀಮಂತಕ್ಕೆ 300 ಖಡಕ್ ರೊಟ್ಟಿ ಒಪ್ಪಿಕೊಂಡಿದ್ದೆ. ಹಿಂದಿನ ದಿನ ಗಿರಣಿಯ ಮೋಟರ್ ಸುಟ್ಟಿತು. ಬೇರೆ ಗಿರಣಿಗೆ ಹೋಗುವಷ್ಟು ಹೊತ್ತಿರಲಿಲ್ಲ. ದೊಡ್ಡ ಅಂಗಡಿಯೊಂದಕ್ಕೆ ಹೋಗಿ ಒಂದೊಂದು ಕಿಲೋದ 22 ಪ್ಯಾಕೆಟ್ ಜೋಳದ ಹಿಟ್ಟು ತಂದೆ. ಕಿಲೋಗೆ 78 ರೂಪಾಯಿ. ಪ್ಯಾಕೆಟ್ ಮೇಲೆ ಎತ್ತಿನ ಬಂಡಿ, ನಗುವ ರೈತ, ಹಳ್ಳಿ ಮನೆ.

ರಾತ್ರಿ ಎಸರು ಹಾಕಿ ನಾದಿದೆವು. ಹಿಟ್ಟು ಮರಳಿನ ಹಾಗೆ ಬಿರಿಯಿತು. ಬಡಿದರೆ ಅಂಚು ಸೀಳಿತು. ಎತ್ತಿದರೆ ಕೈಯಲ್ಲೇ ಎರಡಾಯಿತು. ಬೆಳಗಿನ ಜಾವದ ತನಕ ಕೂತು 80ಕ್ಕಿಂತ ಜಾಸ್ತಿ ರೊಟ್ಟಿ ಹಾಳು ಮಾಡಿಕೊಂಡೆವು. ಉಳಿದವನ್ನು ದಪ್ಪಗೆ ಬಡಿದು ಹೇಗೋ ಕೊಟ್ಟೆವು. ತಿಂದವರು ಕಹಿ ಬಂತು ಅಂದರು. ನನ್ನ ನಾದಿನಿ ಆ ದಿನ ಅತ್ತಳು. ಜೋಳದ ಹಿಟ್ಟು ಬೀಸಿ ತಿಂಗಳುಗಟ್ಟಲೆ ಇಟ್ಟರೆ ಹೀಗೇ ಆಗುತ್ತದೆ. ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆ ಅಂಶ ಇರುತ್ತದೆ. ಬೀಸಿದ ಮೇಲೆ ಅದಕ್ಕೆ ಗಾಳಿ ತಾಗಿ ಕಮಟು ಹಿಡಿಯುತ್ತದೆ. ಅದಕ್ಕೇ ನಮ್ಮ ಮನೆಗಳಲ್ಲಿ ವಾರಕ್ಕೆ ಬೇಕಾದಷ್ಟೇ ಬೀಸಿಕೊಂಡು ಬರುತ್ತಾರೆ.

ಪ್ಯಾಕೆಟ್ ಮೇಲಿನ ನಂಬರಿಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಅಂತ ಹೇಳಿತು. ಒತ್ತಿದೆ. ಕೊನೆಗೆ ಒಬ್ಬ ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ಪಾಪ, ಅವಳಿಗೆ ಖಡಕ್ ರೊಟ್ಟಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಅವಧಿ ಇನ್ನೂ ಮುಗಿದಿಲ್ಲ, ಮಾಲು ಸರಿ ಇದೆ ಅಂದಳು. ಒಂದು ದೂರಿನ ನಂಬರ್ ಕೊಟ್ಟಳು. ಆ ನಂಬರ್ ಈಗಲೂ ನನ್ನ ಲೆಕ್ಕದ ವಹಿಯಲ್ಲಿ ಇದೆ. ಆ ಕಡೆಯಿಂದ ಏನೂ ಬರಲಿಲ್ಲ. ಆ ಜೋಳ ಯಾವ ಊರಿನದು, ಯಾವಾಗ ಕೊಯ್ದದ್ದು, ಹೈಬ್ರಿಡ್ಡೋ ಮಾಲದಂಡಿಯೋ, ಯಾರೂ ಹೇಳಲಿಲ್ಲ. ಆ ನಗುವ ರೈತ ಯಾರು ಅಂತ ಕೇಳಲು ದಾರಿಯೇ ಇಲ್ಲ.

ಇನ್ನು ಬೋರ್ಡ್ ಇಲ್ಲದ ಅಂಗಡಿಯ ಜಗಳ. ಹೋದ ವರ್ಷ ಜುಲೈನಲ್ಲಿ ತಂದ ಒಂದು ಚೀಲ ಕೆಟ್ಟಿತ್ತು. ಮೇಲೆ ಚೆನ್ನಾಗಿತ್ತು, ನಡುವೆ ಕೈ ಹಾಕಿದರೆ ಬೆಚ್ಚಗೆ, ಮುಗ್ಗಲು ವಾಸನೆ. ಚೀಲವನ್ನು ಆಟೋಕ್ಕೆ ಹಾಕಿಕೊಂಡು ಸೀದಾ ಹೋದೆ. ನಾಲ್ಕು ಗಿರಾಕಿ ನಿಂತಿದ್ದರು. ಅವರ ಮುಂದೆಯೇ ಜೋರು ಮಾಡಿದೆ. ಅಕ್ಕಾರು ಮರುಮಾತಾಡಲಿಲ್ಲ. ಚೀಲದ ಬಾಯಿ ಬಿಚ್ಚಿ, ಮೊಣಕೈ ತನಕ ಕೈ ಇಳಿಸಿ ಒಂದು ಹಿಡಿ ತೆಗೆದು ಮೂಸಿದರು. ಕಾಕಾನ ಕೈಗೆ ಕೊಟ್ಟರು. ಕಾಕಾ ಒಂದು ಕಾಳು ಕಡಿದು ಉಗುಳಿದರು. ಹಸಿರು ದಾರ ನೋಡಿ ವಹಿ ತೆಗೆದರು. ಅಲ್ಲೇ ಫೋನ್ ಹಚ್ಚಿದರು.

ಮರುದಿನ ಬೆಳಿಗ್ಗೆ ಏಳೂವರೆಗೆ ನಮ್ಮ ಮನೆ ಬಾಗಿಲಲ್ಲಿ ಒಬ್ಬ ಹಿರಿಯರು ನಿಂತಿದ್ದರು. ತಲೆಗೆ ರುಮಾಲು, ಪಕ್ಕದಲ್ಲಿ ಬಸ್ಸಿನಿಂದ ಇಳಿಸಿದ ಒಂದು ಚೀಲ ಜೋಳ. ಬಾಯಿಗೆ ಹಸಿರು ದಾರ.

"ತಪ್ಪ ನಂದ ಐತಿ, ಯವ್ವಾ. ಮಾಡ ಹಾಕಿತ್ತು, ಮಳಿ ಬರ್ತೈತಿ ಅಂತ ಅವಸರ ಮಾಡಿದೆ. ಒಣಗೂಕಿಂತ ಮೊದಲ ತುಂಬೇನಿ" ಅಂದರು.

ನನಗೆ ಹಿಂದಿನ ದಿನ ಅಷ್ಟು ಕೂಗಾಡಿದ್ದು ನೆನಪಾಗಿ ಬೇಸರವಾಯಿತು. ಚಹಾ ಕೊಟ್ಟೆ. ಅವರು ನಮ್ಮ ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತರು. ತಮ್ಮ ಜೋಳದ ರೊಟ್ಟಿ ಉಬ್ಬಿದ್ದನ್ನು ನೋಡಿ ಅವರ ಮುಖ ಅರಳಿತು. ಒಂದು ರೊಟ್ಟಿ, ಮೇಲೆ ಶೇಂಗಾ ಚಟ್ನಿ ಹಾಕಿಕೊಟ್ಟೆ. ತಿಂದು ಹೋದರು. ಕೆಟ್ಟ ಜೋಳವನ್ನು ವಾಪಸ್ ಒಯ್ದರು, ದುಡ್ಡು ಕೇಳಲಿಲ್ಲ. ಅದಾದ ಮೇಲೆ ಹಸಿರು ದಾರದ ಚೀಲ ಒಂದೂ ಕೆಟ್ಟಿಲ್ಲ.

ಇಷ್ಟೇ ನೋಡಿ ವ್ಯತ್ಯಾಸ. ಮಾಲು ಕೆಡುವುದು ಎರಡೂ ಕಡೆ ಆಗಬಹುದು. ಕೆಟ್ಟಾಗ ನನ್ನ ಬಾಗಿಲಿಗೆ ಬರಲು ಒಂದು ಕಡೆ ಮನುಷ್ಯ ಇದ್ದಾನೆ.

ಬೀಜದ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ನನ್ನ ತವರು ತಾಳಿಕೋಟೆ ಕಡೆ. ಅಪ್ಪ ಪ್ರತಿ ವರ್ಷ ರಾಶಿಗೆ ಮೊದಲು ಹೊಲದಲ್ಲಿ ನಡೆದು ಚಲೋ ತೆನೆ ಆರಿಸಿ ಬೇರೆ ಕಟ್ಟುತ್ತಿದ್ದರು. ಉಣ್ಣುವ ಜೋಳ ಹಗೇವಿಗೆ ಇಳಿಯುತ್ತಿತ್ತು. ನೆಲದೊಳಗಿನ ಆ ಕಣಜದ ಬಾಯಿ ತೆಗೆದಾಗ ಬರುತ್ತಿದ್ದ ಬಿಸಿ ಉಸಿರು ನನಗಿನ್ನೂ ನೆನಪಿದೆ. ಬೀಜದ ತೆನೆ ಮಾತ್ರ ಅಡಿಗೆ ಮನೆಯ ಜಂತಿಗೆ ತೂಗುತ್ತಿತ್ತು, ಒಲೆಯ ಹೊಗೆ ತಾಗಲಿ ಅಂತ.

2002ರಲ್ಲಿ ಬಿಟಿ ಹತ್ತಿಗೆ, ಅಂದರೆ ಕಾಯಿಕೊರಕ ಹುಳ ತಡೆಯಲಿ ಅಂತ ಕುಲಾಂತರಿ ಮಾಡಿದ ಹತ್ತಿಗೆ, ಸರ್ಕಾರ ಒಪ್ಪಿಗೆ ಕೊಟ್ಟಿತು. ಕೆಲವೇ ವರ್ಷದಲ್ಲಿ ನಮ್ಮ ಊರಿಗೂ ಬಂತು. ಅಣ್ಣ ಎಲ್ಲ ಹೊಲಕ್ಕೂ ಹತ್ತಿ ಹಾಕಿದ. ನಾನು ಅವನನ್ನು ಬಯ್ಯುವುದಿಲ್ಲ. ಮೊದಲ ವರ್ಷಗಳಲ್ಲಿ ಹತ್ತಿ ಚೆನ್ನಾಗಿ ಬಂತು. ಅದೇ ದುಡ್ಡಿನಲ್ಲಿ ನನ್ನ ಮದುವೆ ಆಯಿತು. ಆದರೆ ಎರಡು ವರ್ಷ ಜೋಳ ಬಿತ್ತದೆ ಹೋದದ್ದಕ್ಕೆ ಜಂತಿಯ ತೆನೆಗೆ ಹುಳ ಬಿತ್ತು. ಅವ್ವ ಅದನ್ನು ಕೋಳಿಗೆ ಹಾಕಿದಳು. ಆಮೇಲೆ ಮತ್ತೆ ಜೋಳ ಬಿತ್ತಬೇಕು ಅಂದಾಗ ಅಪ್ಪನ ಬೀಜ ಎಲ್ಲೂ ಇರಲಿಲ್ಲ. ಊರಲ್ಲಿ ಕೇಳಿದೆವು, ಬೀಗರ ಊರಲ್ಲಿ ಕೇಳಿದೆವು. ಎಲ್ಲರ ಜಂತಿಯೂ ಖಾಲಿ. ಎಷ್ಟು ತಲೆಮಾರಿನ ಆರಿಸುವಿಕೆ ಅದು! ಹೋಗಲು ಎರಡೇ ವರ್ಷ ಸಾಕಾಯಿತು.

ಹತ್ತಿ ಬೀಜವನ್ನು ಹಾಗೆ ಎತ್ತಿಡಲು ಬರುವುದಿಲ್ಲ. ಹೈಬ್ರಿಡ್ ಬೀಜ, ಮರುವರ್ಷ ಬಿತ್ತಿದರೆ ಒಂದೇ ಸಮ ಬರುವುದಿಲ್ಲ. ಪ್ರತಿ ವರ್ಷ ಪ್ಯಾಕೆಟ್ ಕೊಳ್ಳಲೇಬೇಕು. ಶುರುವಿನಲ್ಲಿ 450 ಗ್ರಾಂ ಪ್ಯಾಕೆಟ್‌ಗೆ 1,600 ರೂಪಾಯಿ ಹತ್ತಿರ ಇತ್ತು, ಅದರಲ್ಲಿ ದೊಡ್ಡ ಪಾಲು ಬಿಟಿ ತಂತ್ರಜ್ಞಾನದ ಶುಲ್ಕ. 2006ರಲ್ಲಿ ಆಂಧ್ರ ಸರ್ಕಾರ ದೂರು ಒಯ್ದ ಮೇಲೆ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅಂದರೆ ಇಳಿಸಬಹುದಿತ್ತು ಅಲ್ವಾ? 2010ರಲ್ಲಿ ಗುಜರಾತಿನ ಕೆಲವು ಕಡೆ ಗುಲಾಬಿ ಕಾಯಿಕೊರಕ ಮೊದಲ ಬಿಟಿ ಹತ್ತಿಗೆ ಜಗ್ಗುತ್ತಿಲ್ಲ ಅಂತ ಆ ತಂತ್ರಜ್ಞಾನದ ಒಡೆಯ, ಅಮೆರಿಕದ ಮಾನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. 2018ರಲ್ಲಿ ಆ ಕಂಪನಿಯನ್ನೇ ಜರ್ಮನಿಯ ಬಾಯರ್ ಕೊಂಡುಕೊಂಡಿತು. ಅದರ ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಸಿಂಜೆಂಟಾವನ್ನು ಚೀನಾದ ಸರ್ಕಾರಿ ಕಂಪನಿ ಕೊಂಡಿತ್ತು, ಅಮೆರಿಕದ ಡೌ ಮತ್ತು ಡ್ಯೂಪಾಂಟ್ ಕಂಪನಿಗಳು ಒಂದಾಗಿದ್ದವು. ಬೀಜ ಮಾರುವವರೂ ಅವರೇ, ಔಷಧ ಮಾರುವವರೂ ಅವರೇ. ತಾಳಿಕೋಟೆಯ ರೈತ ಇವರಲ್ಲಿ ಯಾರ ಬಾಗಿಲಿಗೆ ಚೀಲ ಒಯ್ದು ಜೋರು ಮಾಡಬೇಕು?

ಇದನ್ನೆಲ್ಲ ಒಂದು ಅಂಗಡಿಯ ಬಗ್ಗೆ ಬರೆಯುವಾಗ ಯಾಕೆ ತಂದೆ ಅಂದರೆ, ಈ ಅಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೆರಡು ಮಣ್ಣಿನ ಗಡಿಗೆಗಳಿವೆ. ಬೂದಿ, ಬೇವಿನ ತಪ್ಪಲು ಹಾಕಿ ಬಾಯಿ ಸಗಣಿಯಿಂದ ಮೆತ್ತಿದ್ದಾರೆ. ಐದು ಮನೆಯವರ ಬೀಜ ಅದರಲ್ಲಿದೆ. ಮಾಲದಂಡಿ, ಸೀತನಿಗೆ ಬೇರೆ ಜೋಳ, ಕಡಲೆ, ಕುಸುಬಿ, ಅಗಸಿ, ಮಡಿಕೆ ಕಾಳು. ಬೇಕಾದ ರೈತರಿಗೆ ಬೀಜ ಕೊಡುತ್ತಾರೆ, ದುಡ್ಡಿಗಲ್ಲ. ಒಂದು ಸೇರು ಒಯ್ದರೆ ರಾಶಿ ಆದ ಮೇಲೆ ಒಂದೂವರೆ ಸೇರು ತಂದು ಹಾಕಬೇಕು. ಹೋದ ಹಿಂಗಾರಿಗೆ ನಮ್ಮ ಅಣ್ಣನೂ ಅಲ್ಲಿಂದ ಬೀಜ ಒಯ್ದ. ಎರಡು ಎಕರೆಗೆ ಬಿತ್ತಿದ. ಅಪ್ಪನ ಜೋಳ ಅದಲ್ಲ, ನನಗೆ ಗೊತ್ತು. ಆದರೂ ಜಂತಿಗೆ ಮತ್ತೆ ತೆನೆ ಕಟ್ಟಿದ್ದಾನೆ.

ಹೀಗೆ ಬೀಜ ಕೊಡುವುದು ಕಾನೂನಿಗೆ ಸರಿಯಾ ಅಂತ ನಾನೇ ಒಮ್ಮೆ ಕಾಕಾನನ್ನು ಕೇಳಿದ್ದೆ. ಅವರಿಗೆ ಕಲಮು ಸಮೇತ ಬಾಯಿಪಾಠ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 39ನೇ ಕಲಮು. ರೈತ ತನ್ನ ಹೊಲದ ಬೀಜ ಎತ್ತಿಡಬಹುದು, ಬಿತ್ತಬಹುದು, ಹಂಚಬಹುದು, ಅದಲು ಬದಲು ಮಾಡಬಹುದು, ಮಾರಲೂಬಹುದು. ನೋಂದಣಿ ಆದ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. "ಅದಕ್ಕ ನೋಡ್ರಿ, ನಮ್ಮ ಗಡಿಗಿಗೆ ಹೆಸರ ಇಲ್ಲ" ಅಂದರು.

ಅವರು ಅಷ್ಟು ಗಟ್ಟಿಯಾಗಿ ಕಲಿತದ್ದಕ್ಕೆ ಕಾರಣ ಇದೆ. 2019ರಲ್ಲಿ ಪೆಪ್ಸಿಕೋ ಕಂಪನಿ ಚಿಪ್ಸ್ ಮಾಡುವ ತನ್ನ ಆಲೂಗಡ್ಡೆ ತಳಿ ಬೆಳೆದರು ಅಂತ ಗುಜರಾತಿನ ರೈತರ ಮೇಲೆ ಕೇಸು ಹಾಕಿತು. ನಾಲ್ಕು ಜನರಿಂದ ತಲಾ ಒಂದು ಕೋಟಿಗೂ ಜಾಸ್ತಿ ಕೇಳಿತ್ತು. ದೇಶದ ತುಂಬ ಗಲಾಟೆ ಆದ ಮೇಲೆ ಆ ವರ್ಷದ ಮೇನಲ್ಲಿ ವಾಪಸ್ ತೆಗೆಯಿತು. 2021ರಲ್ಲಿ ಆ ತಳಿಯ ನೋಂದಣಿ ರದ್ದಾಯಿತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ರದ್ದತಿಯನ್ನು ತೆಗೆದುಹಾಕಿತು. ರೈತ ಬೀಜ ಎತ್ತಿಡುವ ಹಕ್ಕು ಕಾಯ್ದೆಯಲ್ಲಿ ಹಾಗೇ ಇದೆ. ಆದರೆ ಒಂದು ಕೋಟಿಯ ನೋಟಿಸು ಕೈಗೆ ಬಂದವನ ಮನೆಯಲ್ಲಿ ಆ ರಾತ್ರಿ ಯಾರು ಊಟ ಮಾಡಿರುತ್ತಾರೆ?

ಬೆಲೆಯ ಮಾತಿಗೆ ಬರುತ್ತೇನೆ. ಈಗ ಈ ಅಂಗಡಿಯಲ್ಲಿ ಮಾಲದಂಡಿ ಕಿಲೋಗೆ 54 ರೂಪಾಯಿ. ಅದರಲ್ಲಿ 46 ಬೆಳೆದವರ ಮನೆಗೆ ಹೋಗುತ್ತದೆ. ಉಳಿದ ಎಂಟು ರೂಪಾಯಿಯಲ್ಲಿ ಬಾಡಿಗೆ, ಬಂಡಿ, ಅಕ್ಕಾರ ಕೂಲಿ. ಈ ಲೆಕ್ಕವನ್ನು ಕಾಕಾ ಗೋಡೆಗೇ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ. ಪೇಟೆಯಲ್ಲಿ ಬೆರಕೆ ಜೋಳ ನನಗೆ 47ಕ್ಕೆ ಸಿಗುತ್ತದೆ. ಅಂದರೆ ಒಂದು ರೊಟ್ಟಿಗೆ ಐವತ್ತು ಪೈಸೆ ಜಾಸ್ತಿ. ಹಾಳಾಗುವ ರೊಟ್ಟಿ ಕಡಿಮೆ ಆದದ್ದರಿಂದ ನನಗೆ ಅದು ಹೊಂದುತ್ತದೆ. ಕೂಲಿ ಮಾಡಿ ತಿನ್ನುವ ಮನೆಗೆ ಏಳು ರೂಪಾಯಿ ದೊಡ್ಡದು. ರೇಷನ್ನಿನಲ್ಲಿ ಕೊಡುವ ಜೋಳ ಅವರಿಗೆ ಆಸರೆ. ಆ ಜೋಳವನ್ನು ನಮ್ಮ ಜಿಲ್ಲೆಯ ರೈತರಿಂದಲೇ, ಬೆಂಬಲ ಬೆಲೆಗೆ, ರಾಶಿ ಆದ ಕೂಡಲೇ ಕೊಂಡರೆ ಎಷ್ಟು ಚೆನ್ನ. ಅಂಗಡಿಯೂ ತನ್ನ ಕಡೆಯಿಂದ ಒಂದು ಕೆಲಸ ಮಾಡುತ್ತದೆ. ಸಣ್ಣ ಕಾಳು, ಒಡೆದ ಕಾಳನ್ನು ಬೇರೆ ಮಾಡಿ 38ಕ್ಕೆ ಕೊಡುತ್ತದೆ. ಅದರಲ್ಲೂ ಸಂಗಟಿ, ನುಚ್ಚು ಚೆನ್ನಾಗಿ ಆಗುತ್ತದೆ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಅದಾದ ಮೇಲೆ ಜೋಳದ ಬಿಸ್ಕತ್ತು, ಜೋಳದ ನೂಡಲ್ಸ್ ಎಲ್ಲಾ ಬಂದವು. ನಾನು ಕೊಂಡ ಒಂದು ಜೋಳದ ಬಿಸ್ಕತ್ತಿನ ಪೊಟ್ಟಣದ ಹಿಂದೆ ಓದಿದರೆ ಮೊದಲ ಹೆಸರೇ ಗೋಧಿ ಹಿಟ್ಟು, ಆಮೇಲೆ ಸಕ್ಕರೆ, ತಾಳೆ ಎಣ್ಣೆ. ಯಾವುದು ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮ ಇದೆ. ಜೋಳ ನಾಲ್ಕನೆಯದು. ಜೋಳಕ್ಕೆ ಮರ್ಯಾದೆ ಬಂತು ಅಂತ ಖುಷಿಪಟ್ಟಿದ್ದೆ. ಆ ಮರ್ಯಾದೆ ಡೋಣಿ ದಂಡೆಗೆ ಇನ್ನೂ ಮುಟ್ಟಿಲ್ಲ.

ತಾಳೆ ಎಣ್ಣೆ ಅಂದಾಗ ನೆನಪಾಯಿತು. ಈ ಅಂಗಡಿಯಲ್ಲಿ ಕುಸುಬಿ ಎಣ್ಣೆ ಸಿಗುತ್ತದೆ, ಗಾಣದ್ದು. ಮೊದಲು ನಮ್ಮ ಕಡೆ ಜೋಳ, ಕಡಲೆ ಹೊಲದಲ್ಲಿ ಅಕ್ಕಡಿಯಾಗಿ ಕುಸುಬಿ ಸಾಲು ಇರುತ್ತಿತ್ತು. ಮುಳ್ಳಿನ ಗಿಡ, ಹೊಲದ ಅಂಚಿಗೆ ಹಾಕಿದರೆ ದನ ಒಳಗೆ ಬರುವುದಿಲ್ಲ. ಮನೆಯ ಎಣ್ಣೆ ಹೊಲದ ಬೇಲಿಯಲ್ಲೇ ಬೆಳೆಯುತ್ತಿತ್ತು. ಈಗ ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬರುತ್ತದೆ. ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ ಅದರಲ್ಲಿ ದೊಡ್ಡ ಪಾಲು. ಅಂಗಡಿಯ ಕುಸುಬಿ ಎಣ್ಣೆ ತುಟ್ಟಿ. ನಾನು ಹಸಿ ಖಾರಕ್ಕೆ, ಚಟ್ನಿ ಪುಡಿಯ ಮೇಲೆ ಹಾಕಿಕೊಳ್ಳಲು ಮಾತ್ರ ತರುತ್ತೇನೆ. ವಾಸನೆಯೇ ಬೇರೆ. ಒಂದು ಚಮಚ ಸಾಕು.

ಗುರೆಳ್ಳು ಚಟ್ನಿ ಪುಡಿ ಚೆನ್ನಾಗಿದೆ. ಅಗಸಿ ಪುಡಿಗೆ ಉಪ್ಪು ಜಾಸ್ತಿ. ಎರಡು ಸಲ ಹೇಳಿದ್ದೇನೆ, ಇನ್ನೂ ಸರಿಯಾಗಿಲ್ಲ. ಚಳಿಗಾಲದಲ್ಲಿ ಬುಧವಾರ, ಶನಿವಾರ ಹಕ್ಕರಕಿ, ಮೆಂತೆ, ಪುಂಡಿ ಪಲ್ಯ ಬರುತ್ತವೆ. ಒಂಬತ್ತು ಗಂಟೆಯೊಳಗೆ ಮುಗಿಯುತ್ತವೆ.

ಕೊರತೆಗಳೂ ಇವೆ. ಮುಖ್ಯವಾದದ್ದು, ದೀಪಾವಳಿ ಹೊತ್ತಿಗೆ ಮಾಲದಂಡಿ ಖಾಲಿ. ಹೊಸ ರಾಶಿ ಬರುವ ತನಕ ಮೂರು-ನಾಲ್ಕು ತಿಂಗಳು ನಾನು ಪೇಟೆಯ ಜೋಳದಲ್ಲೇ ರೊಟ್ಟಿ ಮಾಡಬೇಕು. ಖಾನಾವಳಿಯವರು ಅಷ್ಟೂ ದಿನ ದೂರು ಹೇಳುತ್ತಾರೆ. ಐದು ಮನೆಯ ಜೋಳ ಇಷ್ಟಕ್ಕೇ ಸಾಲುತ್ತದೆ. ಇನ್ನೂ ನಾಲ್ಕು ಮನೆ ಸೇರಿಸಿಕೊಳ್ಳಿ ಅಂದರೆ ಕಾಕಾ ಹಿಂದೆ ಸರಿಯುತ್ತಾರೆ. ಗೊತ್ತಿಲ್ಲದವರ ಚೀಲಕ್ಕೆ ನಾನು ಹೇಗೆ ಜವಾಬ್ದಾರ ಅಂತ ಅವರ ವಾದ. ನನಗೆ ಒಪ್ಪಿಗೆ ಇಲ್ಲ. ಗೊತ್ತು ಮಾಡಿಕೊಳ್ಳಬೇಕು, ಹೊಲಕ್ಕೆ ಹೋಗಿ ನೋಡಬೇಕು. ಇನ್ನೊಂದು ದಾರದ ಬಣ್ಣ ಸಿಗದೆ ಇರುತ್ತದೆಯೇ? ಇದರ ನಡುವೆ ಹಳದಿ ದಾರದ ಮನೆಯವರು ಕಾಲುವೆ ನೀರು ಬಂದ ಮೇಲೆ ಎರಡು ಎಕರೆ ಕಬ್ಬಿಗೆ ತಿರುಗಿಸಿದರು. ಕಬ್ಬಿಗೆ ಕಾರ್ಖಾನೆ ಇದೆ, ಸರ್ಕಾರ ಕಟ್ಟಿದ ದರ ಇದೆ. ಜೋಳಕ್ಕೆ ಖಾತ್ರಿಯಾಗಿ ಕೊಳ್ಳುವವರು ನಮ್ಮಂಥವರು ಮಾತ್ರ. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕಾಳಿನಲ್ಲಿ ಹರಳು ಬರುತ್ತದೆ. ಕಣದಲ್ಲಿ ಮಾಡಿದ ರಾಶಿ, ಹಸನು ಮಾಡಿಕೊಳ್ಳದೆ ಬೀಸಲು ಹಾಕಬೇಡಿ. ಬೇಸಿಗೆ ಕಳೆದ ಮೇಲೆ ಹುಳ ಬೀಳಬಹುದು, ಔಷಧ ಹಾಕಿರುವುದಿಲ್ಲ. ಒಂದೇ ಸಲ ಮೂರು ತಿಂಗಳದ್ದು ತಂದಿಡಬೇಡಿ. ಫೋನ್ ಪೇ ಇದೆ, ಆದರೆ ಆ ಕೋಣೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ರೊಕ್ಕ ಒಯ್ಯಿರಿ. ಉದ್ರಿ ಇಲ್ಲ. ಮನೆಗೆ ತಂದು ಮುಟ್ಟಿಸುವುದಿಲ್ಲ. ಅಮವಾಸ್ಯೆಗೆ ಬಾಗಿಲು ಮುಚ್ಚಿರುತ್ತದೆ. ಎಳ್ಳಮವಾಸ್ಯೆಗಂತೂ ಮೂರು ದಿನ ಯಾರೂ ಇರುವುದಿಲ್ಲ, ಎಲ್ಲರೂ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೋಗಿರುತ್ತಾರೆ. ಸಿದ್ಧೇಶ್ವರ ಜಾತ್ರೆಯ ವಾರವೂ ಅಷ್ಟೇ.

ಈ ವರ್ಷ ನಾನು ಒಂದು ಹೊಸ ವ್ಯವಹಾರ ಮಾಡಿದ್ದೇನೆ. ದಸರೆಯಲ್ಲಿ, ಬಿತ್ತನೆಯ ಹೊತ್ತಿಗೆ, ಹತ್ತು ಕ್ವಿಂಟಲ್‌ಗೆ ಮುಂಗಡ ಕೊಟ್ಟೆ. ಕಿಲೋಗೆ 50ರಂತೆ ಮಾತು. ಪೇಟೆ ಏರಿದರೂ ಅದೇ, ಇಳಿದರೂ ಅದೇ. ಅದರಲ್ಲಿ ಅರ್ಧ ದುಡ್ಡು ಮೊದಲೇ ಹೋಗಿದೆ. ನಾದಿನಿಗೆ ಭಯ ಇತ್ತು, ಮಳೆ ಕೈ ಕೊಟ್ಟರೆ ಏನು ಗತಿ ಅಂತ. ಅಕ್ಕಾರು ವಹಿಯಲ್ಲಿ ಬರೆದು ನನ್ನ ಸಹಿ ಹಾಕಿಸಿದರು, ಐದೂ ಮನೆಯವರು ಹಾಕಿದರು. ಹಸಿರು ದಾರದ ಹಿರಿಯರು ಹೆಬ್ಬೆಟ್ಟು ಒತ್ತಿ, "ಈ ಸಲ ಒಣಗಿಸೇ ತುಂಬ್ತೀನಿ, ಯವ್ವಾ" ಅಂದರು.

ಹೊಸ ಮಾಲದಂಡಿ ಫೆಬ್ರವರಿ ಕೊನೆಗೆ ಬರುತ್ತದೆ. ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಹೋಗಿ, ಆಮೇಲೆ ಕಾಕಾ ಊಟಕ್ಕೆ ಹೋದರೆ ನಾಲ್ಕರ ತನಕ ಬರುವುದಿಲ್ಲ. ಚೀಲ ನೀವೇ ಒಯ್ಯಿರಿ. ದಾರದ ಬಣ್ಣ ಕೇಳಿ ಬರೆದುಕೊಳ್ಳಿ.